ಮೊಲ, ರೈಲು, ಟ್ರಾಫಿಕ್: ಸೇಂಟ್ ಆಂಡ್ರ್ಯೂಸ್‌ನ ಹಳೇ ಗಾಲ್ಫ್ ಮೈದಾನದ ಕಥೆ

ಇವತ್ತಿನ ಕಥೆ ಶುರುವಾಗೋದು ಒಂದು ಪುಟ್ಟ ಕಲ್ಲಿನ ಸೇತುವೆಯಿಂದ.

2023ರ ಫೆಬ್ರುವರಿ. ಸ್ಕಾಟ್ಲೆಂಡಿನ ಸಮುದ್ರದ ದಡದಲ್ಲಿರೋ ಸೇಂಟ್ ಆಂಡ್ರ್ಯೂಸ್ ಅನ್ನೋ ಊರು. ಅಲ್ಲಿನ ಗಾಲ್ಫ್ ಮೈದಾನದ ಹೆಸರೇ 'ಓಲ್ಡ್ ಕೋರ್ಸ್'. ಅದರ ಕೊನೆಯ ಹೋಲ್‌ನಲ್ಲಿ ಒಂದು ತೊರೆ ಹರಿಯುತ್ತೆ, ಅದರ ಮೇಲೆ ಸ್ವಿಲ್ಕನ್ ಸೇತುವೆ. ಏಳುನೂರು ವರ್ಷ ಹಳೇದು ಅಂತಾರೆ. ಕುರುಬರು ಕುರಿ ದಾಟಿಸೋಕೆ ಕಟ್ಟಿಕೊಂಡದ್ದಂತೆ. 2005ರಲ್ಲಿ ಜ್ಯಾಕ್ ನಿಕ್ಲಾಸ್ ಕೊನೆಯ ಸಲ ಕೈ ಬೀಸಿದ್ದು ಇದೇ ಸೇತುವೆ ಮೇಲೆ. 2022ರಲ್ಲಿ ಟೈಗರ್ ವುಡ್ಸ್ ಕಣ್ತುಂಬಿಕೊಂಡು ದಾಟಿದ್ದೂ ಇದನ್ನೇ. ಹಾಗಾಗಿ ಬಂದವರೆಲ್ಲ ಅಲ್ಲಿ ನಿಂತು ಫೋಟೋ ತೆಗೆಸ್ಕೊಳ್ತಾರೆ. ತುಳಿದೂ ತುಳಿದೂ ಸೇತುವೆಯ ಬುಡದ ಹುಲ್ಲೆಲ್ಲ ಸವೆದುಹೋಗ್ತಿತ್ತು. ಮೈದಾನ ನೋಡಿಕೊಳ್ಳೋ ಟ್ರಸ್ಟ್‌ನವರು ಅಲ್ಲಿಗೆ ಚಪ್ಪಡಿ ಕಲ್ಲು ಹಾಸಿದ್ರು. ಅಷ್ಟೇ. ಇಂಟರ್ನೆಟ್ ಹೊತ್ತಿ ಉರೀತು. ಯಾರದೋ ಬಂಗಲೆಯ ಹಿತ್ತಲ ಥರ ಕಾಣ್ತಿದೆ ಅಂತ ಜಗತ್ತಿನ ಮೂಲೆಮೂಲೆಯಿಂದ ಬೈಗುಳ. ಕೆಲವೇ ದಿನಗಳಲ್ಲಿ ಕಲ್ಲು ಕಿತ್ತರು, ಮತ್ತೆ ಹುಲ್ಲು ಬಂತು.

ನಾನು ಗಾಲ್ಫ್ ಆಡೋನಲ್ಲ. ಬೆಂಗಳೂರಿನಲ್ಲಿ 1876ರಷ್ಟು ಹಳೇ ಗಾಲ್ಫ್ ಕ್ಲಬ್ ಇದೆ. ನಾನು ನೋಡಿರೋದು ಸ್ಯಾಂಕಿ ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದ ಮಾತ್ರ. ಆದ್ರೆ ಈ ಸುದ್ದಿ ಓದಿದಾಗ ನನ್ನೊಳಗಿನ ಬಿಕಾಂ ಹುಡುಗ ಎದ್ದು ಕೂತ. ಅಕೌಂಟ್ಸ್ ಓದಿದೋರಿಗೆ ಗೊತ್ತಿರುತ್ತೆ, ಆಸ್ತಿಯನ್ನ ಇದ್ದ ಹಾಗೆ ಉಳಿಸಿಕೊಳ್ಳೋ ಖರ್ಚು ಬೇರೆ, ಆಸ್ತಿಯನ್ನೇ ಬದಲಿಸೋ ಖರ್ಚು ಬೇರೆ. ಎರಡಕ್ಕೂ ಬೇರೆ ಬೇರೆ ಖಾತೆ. ಆ ಚಪ್ಪಡಿ ಕಲ್ಲು ಯಾವ ಖಾತೆಗೆ ಹೋಗ್ಬೇಕು? ಇದನ್ನೇ ಹುಡುಕ್ತಾ ಹೋದಾಗ ಗೊತ್ತಾಯ್ತು, ಆ ಊರಿನವರು ಇದೇ ಪ್ರಶ್ನೆ ಇಟ್ಕೊಂಡು ಶತಮಾನಗಳಿಂದ ಜಗಳ ಆಡ್ತಿದ್ದಾರೆ.

ಮೊದಲನೇ ವಿಷಯ, ಓಲ್ಡ್ ಕೋರ್ಸನ್ನ ಯಾರೂ ಕೂತು ವಿನ್ಯಾಸ ಮಾಡಲಿಲ್ಲ. ಸಮುದ್ರಕ್ಕೂ ಹೊಲಗಳಿಗೂ ನಡುವೆ ಇರೋ ಮರಳು ದಿಬ್ಬಗಳ ಬಂಜರು ನೆಲಕ್ಕೆ ಅಲ್ಲಿ 'ಲಿಂಕ್ಸ್' ಅಂತಾರೆ. ಬೆಳೆ ಬೆಳೆಯೋಕೆ ಆಗಲ್ಲ, ಕುರಿ ಮೇಯುತ್ತೆ, ಮೊಲ ಬಿಲ ತೋಡುತ್ತೆ. ಅದರ ಮಧ್ಯೆ ಜನ ಚೆಂಡು ಹೊಡೆಯೋರು. 1552ರಲ್ಲಿ ಆರ್ಚ್‌ಬಿಷಪ್ ಜಾನ್ ಹ್ಯಾಮಿಲ್ಟನ್ ಒಂದು ಸನದು ಕೊಟ್ಟರು. ಅದರ ಪ್ರಕಾರ ಮೊಲ ಸಾಕೋ ಹಕ್ಕು ಅವರದ್ದು, ಈ ನೆಲದಲ್ಲಿ ಆಟ ಆಡೋ ಹಕ್ಕು ಊರಿನವರದ್ದು. ಅಂದ್ರೆ ಅದು ಮೊದಲಿಂದಲೂ ಒಂದು ಗೋಮಾಳದ ಥರ, ಕ್ಲಬ್ಬಿನ ಸ್ವತ್ತಲ್ಲ.

ನಮ್ಮ ಕಡೆ ಗೋಮಾಳಕ್ಕೆ ಏನಾಗುತ್ತೆ ಅಂತ ಗೊತ್ತಲ್ಲ? ಅಲ್ಲೂ ಅದೇ ಆಯ್ತು. 1797ರ ಹೊತ್ತಿಗೆ ಊರಿನ ಆಡಳಿತ ಸಾಲದಲ್ಲಿ ಮುಳುಗಿತ್ತು, ಲಿಂಕ್ಸನ್ನ ಮಾರಿಬಿಟ್ಟರು. ಸ್ವಲ್ಪ ದಿನದಲ್ಲೇ ಅದು ಡೆಂಪ್‌ಸ್ಟರ್ ಅನ್ನೋ ವರ್ತಕರ ಕೈಗೆ ಹೋಯ್ತು. ಅವರು ಅಲ್ಲಿ ಮಾಂಸಕ್ಕೂ ತುಪ್ಪಳಕ್ಕೂ ಮೊಲ ಸಾಕೋಕೆ ಶುರು ಮಾಡಿದ್ರು. ಮೈದಾನ ತುಂಬ ಬಿಲಗಳು. ಗಾಲ್ಫ್ ಆಡೋರು ಕೋರ್ಟಿಗೆ ಹೋದ್ರು, ಊರಿನವರು ಮೊಲಗಳನ್ನ ಕೊಲ್ಲೋಕೆ ಹೋದ್ರು, ಹೊಡೆದಾಟಗಳೂ ಆದವು. ಸುಮಾರು ಇಪ್ಪತ್ತು ವರ್ಷ ನಡೆದ ಈ ಜಗಳ ಮುಗಿದದ್ದು 1821ರಲ್ಲಿ, ಪಕ್ಕದ ಜಮೀನುದಾರ ಜೇಮ್ಸ್ ಚೀಪ್ ಆ ಭೂಮಿ ಕೊಂಡಾಗ. ಪುಣ್ಯಕ್ಕೆ ಅವರೂ ಗಾಲ್ಫ್ ಆಟಗಾರರು. ಆಮೇಲೆ 1894ರಲ್ಲಿ ಪಾರ್ಲಿಮೆಂಟಿನ ಕಾಯ್ದೆಯ ಮೂಲಕ ಭೂಮಿ ಊರಿಗೇ ವಾಪಸ್ ಬಂತು. ಇವತ್ತಿಗೂ ಅದು ಸಾರ್ವಜನಿಕ ನೆಲ. ಭಾನುವಾರ ಸಾಮಾನ್ಯವಾಗಿ ಆಟ ಇರಲ್ಲ. ಜನ ನಾಯಿ ಕರ್ಕೊಂಡು ವಾಕಿಂಗ್ ಬರ್ತಾರೆ.

ಈಗ ಮೈದಾನದ ಆಕಾರಕ್ಕೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು.

ಗಾಲ್ಫ್ ಅಂದ್ರೆ 18 ಹೋಲ್, ಇದು ಎಲ್ಲರಿಗೂ ಗೊತ್ತು. ಯಾಕೆ 18? 1764ರವರೆಗೆ ಸೇಂಟ್ ಆಂಡ್ರ್ಯೂಸ್‌ನಲ್ಲಿ ಒಂದು ಸುತ್ತಿಗೆ 22 ಆಡ್ತಿದ್ರು. ಹನ್ನೊಂದು ಹೋಲ್ ಹೋಗ್ತಾ, ಅವೇ ಹನ್ನೊಂದು ವಾಪಸ್ ಬರ್ತಾ. ಮೊದಲ ನಾಲ್ಕು ತೀರಾ ಗಿಡ್ಡ ಅನ್ನಿಸಿ ಅವನ್ನ ಎರಡು ಮಾಡಿದ್ರು. ಹೋಗೋವಾಗ ಎರಡು ಕಮ್ಮಿ, ಬರೋವಾಗ ಎರಡು ಕಮ್ಮಿ. ಉಳಿದದ್ದು 18. ಒಂದೂರಿನ ಒಂದು ರಿಪೇರಿ ಕೆಲಸ ಮುಂದೆ ಇಡೀ ಜಗತ್ತಿನ ನಿಯಮ ಆಗಿಹೋಯ್ತು.

ಹೋಗೋರಿಗೂ ಬರೋರಿಗೂ ಒಂದೇ ಕುಳಿ ಅಂದ್ರೆ ಎದುರುಬದುರು ಸಿಕ್ಕಾಗ ಯಾರಾದ್ರೂ ಕಾಯ್ಬೇಕು. ಆಡೋರು ಕಮ್ಮಿ ಇದ್ದಾಗ ನಡೀತು. ಆಗಿನ ಚೆಂಡು ದುಬಾರಿ. ಚರ್ಮದ ಚೀಲದೊಳಗೆ ಹಕ್ಕಿ ಪುಕ್ಕ ತುಂಬಿ ಹೊಲಿದದ್ದು, ಒದ್ದೆಯಾದ್ರೆ ಹಾಳು. 1848ರ ಹೊತ್ತಿಗೆ ಗಟ್ಟಾ ಪರ್ಚಾ ಅನ್ನೋ ಮರದ ಅಂಟಿನಿಂದ ಮಾಡಿದ ಅಗ್ಗದ ಚೆಂಡು ಬಂತು. ಪುಕ್ಕದ ಚೆಂಡು ಮಾಡಿ ಬದುಕ್ತಿದ್ದ ಅಲನ್ ರಾಬರ್ಟ್‌ಸನ್‌ಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಅವರ ಕೈಕೆಳಗೆ ಕೆಲಸ ಮಾಡ್ತಿದ್ದ ಟಾಮ್ ಮಾರಿಸ್ ಹೊಸ ಚೆಂಡಿನಲ್ಲಿ ಆಡಿದ್ದಕ್ಕೆ ಇಬ್ಬರಿಗೂ ಮನಸ್ತಾಪ ಆಗಿ, ಮಾರಿಸ್ 1851ರಲ್ಲಿ ಊರು ಬಿಟ್ಟು ಪ್ರೆಸ್ಟ್‌ವಿಕ್‌ಗೆ ಹೋದ್ರು. ಆ್ಯಪ್ ಬಂದ ಮೇಲೆ ಆಟೋ ಸ್ಟ್ಯಾಂಡಿನಲ್ಲಿ ನಡೆದ ಜಗಳಗಳು ನೆನಪಾಗಲ್ವಾ?

ಚೆಂಡು ಅಗ್ಗವಾಯ್ತು, ಆಡೋರು ಹೆಚ್ಚಾದ್ರು, ಕುಳಿಗಳ ಹತ್ರ ಜಾಮ್ ಆಗೋಕೆ ಶುರುವಾಯ್ತು. ಅದಕ್ಕೆ 1850ರ ದಶಕದಲ್ಲಿ ಗ್ರೀನ್‌ಗಳನ್ನ, ಅಂದ್ರೆ ಕುಳಿ ಇರೋ ನುಣುಪು ಹುಲ್ಲಿನ ಜಾಗಗಳನ್ನ, ಅಗಲ ಮಾಡಿ ಒಂದೊಂದರಲ್ಲಿ ಎರಡೆರಡು ಕುಳಿ ತೋಡಿದ್ರು. ಹೋಗೋರಿಗೆ ಬಿಳಿ ಬಾವುಟ, ಬರೋರಿಗೆ ಕೆಂಪು. ಇವತ್ತಿಗೂ ಅಲ್ಲಿ ಏಳು ಜೋಡಿ ಗ್ರೀನ್‌ಗಳಿವೆ. ಎರಡರ ಜೊತೆ ಹದಿನಾರು, ಮೂರರ ಜೊತೆ ಹದಿನೈದು. ಯಾವ ಜೋಡಿ ಕೂಡಿಸಿದ್ರೂ 18. ಈ ಅಗಲವಾದ ಗ್ರೀನ್‌ಗಳನ್ನ ಗಾಲ್ಫ್ ವಿನ್ಯಾಸದ ಅದ್ಭುತ ಅಂತ ಹೊಗಳ್ತಾರೆ. ಮೂಲದಲ್ಲಿ ಅದು ರಸ್ತೆ ಅಗಲೀಕರಣ ಅಷ್ಟೇ!

ಮಾರಿಸ್ 1865ರಲ್ಲಿ ಮೈದಾನದ ಉಸ್ತುವಾರಿಯಾಗಿ ವಾಪಸ್ ಬಂದು ಸುಮಾರು ನಾಲ್ಕು ದಶಕ ಅಲ್ಲೇ ಇದ್ರು. 'ಓಲ್ಡ್ ಟಾಮ್' ಅಂತ ಜನ ಪ್ರೀತಿಯಿಂದ ಕರೆಯೋದು ಇವರನ್ನೇ. ಹುಲ್ಲಿಗೆ ಮರಳು ಹಾಕಿಸಿದ್ರು, ಒಂದನೇ ಹೋಲ್‌ಗೆ ಬೇರೆ ಗ್ರೀನ್ ಮಾಡಿದ್ರು, ಹದಿನೆಂಟನೇ ಗ್ರೀನ್ ಹೊಸದಾಗಿ ಕಟ್ಟಿದ್ರು. ಇನ್ನೊಂದು ಮಜಾ ಕೇಳಿ. ಮೊದಲು ಈ ಮೈದಾನವನ್ನ ಉಲ್ಟಾ ದಿಕ್ಕಿನಲ್ಲೂ ಆಡ್ತಿದ್ರು. ಈಗಿನ ದಿಕ್ಕು ಕ್ರಮೇಣ ಖಾಯಂ ಆಯ್ತು. ಕೆಲವು ಮರಳು ಗುಂಡಿಗಳು ಈಗ ಅರ್ಥವೇ ಇಲ್ಲದ ಜಾಗದಲ್ಲಿ ಕಾಣೋದಕ್ಕೆ ಅದೇ ಕಾರಣ. ಅವು ಎದುರಿಂದ ಬರೋನಿಗಾಗಿ ಇದ್ದವು. ಎದುರಿಂದ ಬರೋನು ನಿಂತುಹೋದ, ಗುಂಡಿ ಉಳೀತು.

ಹದಿನೇಳನೇ ಹೋಲ್ ಇನ್ನೂ ವಿಚಿತ್ರ. ಅದರ ಬಲಕ್ಕೆ ರೈಲ್ವೆ ಶೆಡ್‌ಗಳಿದ್ದವು. ಆಟಗಾರರು ಧೈರ್ಯ ಮಾಡಿ ಶೆಡ್ ಮೇಲಿಂದಲೇ ಚೆಂಡು ಹೊಡೆಯೋರು. ಶೆಡ್ ಕೆಡವಿದ್ರು, 1969ರಲ್ಲಿ ರೈಲೂ ನಿಂತಿತು. ಆ ಹೊಡೆತ ಹೋಗಬಾರದು ಅಂತ, ಅಲ್ಲಿ ಬಂದ ಹೋಟೆಲಿನವರು ಹಳೇ ಶೆಡ್‌ಗಳ ಆಕಾರದಲ್ಲೇ ಮತ್ತೆ ಕಟ್ಟಿದ್ರು! ರೈಲಿಲ್ಲದ ಊರಲ್ಲಿ ರೈಲ್ವೆ ಶೆಡ್.

ಇಷ್ಟೆಲ್ಲ ಬದಲಾವಣೆ ಆದ ಜಾಗದಲ್ಲಿ 2012ರ ನವೆಂಬರ್‌ನಲ್ಲಿ ದೊಡ್ಡ ಗಲಾಟೆ ಆಯ್ತು. ಆಟದ ನಿಯಮ ರೂಪಿಸೋ ಆರ್ ಅಂಡ್ ಎ ಸಂಸ್ಥೆ ಮತ್ತು ಟ್ರಸ್ಟ್, ವಾಸ್ತುಶಿಲ್ಪಿ ಮಾರ್ಟಿನ್ ಹಾಟ್ರೀ ಅವರ ಯೋಜನೆಯಂತೆ ಕೆಲವು ಬದಲಾವಣೆ ಘೋಷಿಸಿದ್ರು. ಹದಿನೇಳನೇ ಗ್ರೀನ್ ಪಕ್ಕದ ಹೆಸರುವಾಸಿ ಗುಂಡಿಯನ್ನ ಅರ್ಧ ಮೀಟರ್ ಅಗಲ ಮಾಡೋದು, ಹನ್ನೊಂದನೇ ಗ್ರೀನಿನ ಒಂದು ಇಳಿಜಾರನ್ನ ತಗ್ಗಿಸೋದು, ಇಂಥವು. ಕೆಲವೇ ದಿನಗಳಲ್ಲಿ ಜೆಸಿಬಿ ಇಳೀತು. ಟಾಮ್ ಡೋಕ್‌ನಂಥ ವಾಸ್ತುಶಿಲ್ಪಿಗಳು ವಿರೋಧಿಸಿ ಸಹಿ ಸಂಗ್ರಹಿಸಿದ್ರು.

ಹನ್ನೊಂದನೇ ಗ್ರೀನಿನ ಸಮಸ್ಯೆ ಏನು ಗೊತ್ತಾ? ಇಳಿಜಾರು ಮೊದಲಿಂದಲೂ ಇತ್ತು. ಆದ್ರೆ ಈಗಿನ ಯಂತ್ರಗಳು ಹುಲ್ಲನ್ನ ಎಷ್ಟು ಗಿಡ್ಡ ಕತ್ತರಿಸ್ತವೆ ಅಂದ್ರೆ, ಗ್ರೀನ್ ಗಾಜಿನಂತಾಗಿ ಆ ಭಾಗದಲ್ಲಿ ಕುಳಿ ಇಟ್ಟರೆ ಚೆಂಡು ನಿಲ್ಲೋದೇ ಇಲ್ಲ. ಅಂದ್ರೆ ನೆಲ ಬದಲಾಗಿರಲಿಲ್ಲ, ಹುಲ್ಲು ಕತ್ತರಿಸೋ ಯಂತ್ರ ಬದಲಾಗಿತ್ತು. ಯಂತ್ರದ ಬ್ಲೇಡ್ ಎತ್ತರಿಸೋ ಬದಲು ನೆಲ ಕೊರೆದರು. ನನಗೆ ಇದು ಮಾತ್ರ ಒಪ್ಪಿಗೆ ಆಗಲ್ಲ. ಹಿಂದೆಯೂ ಬದಲಾಯಿಸಿದ್ದಾರಲ್ಲ ಅನ್ನೋ ವಾದ ಸರಿಯೇ. ಆದ್ರೆ ಓಲ್ಡ್ ಟಾಮ್ ಮಾಡಿದ ಬದಲಾವಣೆ ದಿನಾ ಆಡೋ ಊರಿನವರ ಗದ್ದಲಕ್ಕೆ ಉತ್ತರ. ಇದು ಐದು ವರ್ಷಕ್ಕೊಮ್ಮೆ ನಾಲ್ಕು ದಿನ ಬಂದು ಹೋಗೋ ವೃತ್ತಿಪರರಿಗಾಗಿ.

ದೂರದ ಲೆಕ್ಕವೂ ಹಾಗೇ. 1990ರ ಓಪನ್ ಚಾಂಪಿಯನ್‌ಶಿಪ್‌ನಲ್ಲಿ ಈ ಮೈದಾನದ ಉದ್ದ 6,933 ಗಜ. 2022ರಲ್ಲಿ 7,313. ಜಾಗ ಬೆಳೆಯಲ್ಲ, ಆದ್ರೆ ಚೆಂಡು ದೂರ ಹೋಗ್ತಿದೆ. ಅದಕ್ಕೆ ಮೊದಲ ಹೊಡೆತದ ಜಾಗವನ್ನ ಹಿಂದೆ ಹಿಂದೆ ತಳ್ಳಿದ್ರು. 2010ರಲ್ಲಂತೂ ಹದಿನೇಳನೇ ಹೋಲ್ ಶುರುವಾದದ್ದು ಮೈದಾನದ ಗಡಿಯಾಚೆ ಇರೋ ಅಭ್ಯಾಸದ ಜಾಗದಿಂದ.

ಹಾಗಾದ್ರೆ ಹಳೇ ರೂಪಕ್ಕೇ ವಾಪಸ್ ಹೋಗ್ಬಹುದಲ್ವಾ? ಅಮೆರಿಕದಲ್ಲಿ ಒಬ್ಬರ ಮೈದಾನಕ್ಕೆ ಹಾಗೆ ಮಾಡಿದ್ರು. ಓಲ್ಡ್ ಟಾಮ್ ಹತ್ರ ಕೆಲಸ ಕಲಿತ ಡೊನಾಲ್ಡ್ ರಾಸ್, ನಾರ್ತ್ ಕ್ಯಾರೊಲಿನಾದ ಪೈನ್‌ಹರ್ಸ್ಟ್‌ನಲ್ಲಿ ಕಟ್ಟಿ, 1948ರಲ್ಲಿ ಸಾಯೋವರೆಗೂ ತಿದ್ದಿದ ಮೈದಾನ ಅದು. ಆಮೇಲಿನವರು ಮರಳಿನ ಜಾಗಕ್ಕೆಲ್ಲ ಹಸಿರು ಹುಲ್ಲು ಹಾಸಿದ್ರು. 2010–11ರಲ್ಲಿ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ 1943ರ ವೈಮಾನಿಕ ಫೋಟೋ ಮುಂದಿಟ್ಕೊಂಡು ಸುಮಾರು 35ರಿಂದ 40 ಎಕರೆ ಹುಲ್ಲು ಕಿತ್ತು ಹಾಕಿದ್ರು. ನೀರು ಚಿಮ್ಮಿಸೋ ಸ್ಪ್ರಿಂಕ್ಲರ್‌ಗಳು 1,150ರಿಂದ 450ಕ್ಕೆ ಇಳಿದವು. ನೀರಿನ ಉಳಿತಾಯವೂ ಆಯ್ತು, ಚೆನ್ನಾಗೂ ಆಯ್ತು. ಅಲ್ಲಿ ಒಬ್ಬ ಕರ್ತೃ ಇದ್ದ, ಒಂದು ಫೋಟೋ ಇತ್ತು. ಸೇಂಟ್ ಆಂಡ್ರ್ಯೂಸ್‌ನಲ್ಲಿ ಯಾವ ವರ್ಷಕ್ಕೆ ವಾಪಸ್ ಹೋಗ್ತೀರಿ? 22 ಹೋಲ್‌ಗಾ, ಮೊಲದ ಬಿಲಕ್ಕಾ?

ಕೊನೆಗೆ ಚೆಂಡಿನ ಮೇಲೇ ಕೈ ಇಟ್ಟಿದ್ದಾರೆ. ದೂರ ಕಮ್ಮಿ ಹೋಗೋ ಚೆಂಡು ತರ್ತೀವಿ, ದೊಡ್ಡ ಪಂದ್ಯಗಳಿಗೆ 2028ರಿಂದ, ಉಳಿದವರಿಗೆ 2030ರಿಂದ ಅಂತ 2023ರ ಡಿಸೆಂಬರ್‌ನಲ್ಲಿ ಆರ್ ಅಂಡ್ ಎ ಮತ್ತು ಅಮೆರಿಕದ ಸಂಸ್ಥೆ ಸೇರಿ ಘೋಷಿಸಿದವು. ಚೆಂಡು ತಯಾರಕರು, ಆಟಗಾರರು ತಕ್ಷಣ ಜಗಳಕ್ಕೆ ನಿಂತರು. ಅಲನ್ ರಾಬರ್ಟ್‌ಸನ್ ಇದ್ದಿದ್ರೆ ಯಾರ ಕಡೆ ಇರ್ತಿದ್ರು ಅಂತ ನೀವೇ ಕಾಮೆಂಟ್‌ನಲ್ಲಿ ಹೇಳಿ. ಮುಂದಿನ ವಾರ ಸಿಗೋಣ.