ಹತ್ತಿಯ ಕಾರು ಯಾಕೆ ಮಣ್ಣಾಗಲಿಲ್ಲ?

ಹೋದ ವರ್ಷ ಆನ್‌ಲೈನ್‌ನಲ್ಲಿ ಒಂದು ‘ಬಿದಿರು ನಾರಿನ’ ಕಪ್ ತಗೊಂಡೆ. ಡಬ್ಬದ ಮೇಲೆ ‘ಪರಿಸರಸ್ನೇಹಿ’ ಅಂತ ದಪ್ಪ ಅಕ್ಷರ. ಅದು ಒಡೆದಾಗ ಹೂಕುಂಡದಲ್ಲಿ ಹೂತಿಟ್ಟೆ. ಮಳೆಗಾಲ ಮುಗಿದ ಮೇಲೆ ಅಗೆದು ನೋಡಿದ್ರೆ ಅಂಚು ಸ್ವಲ್ಪ ಒರಟಾಗಿತ್ತು, ಅಷ್ಟೇ. “ದೊನ್ನೆ ಆಗಿದ್ರೆ ಇಷ್ಟೊತ್ತಿಗೆ ಗೊಬ್ಬರ ಆಗಿರ್ತಿತ್ತು ಕಣೋ” ಅಂದ್ರು ಅಮ್ಮ.

ಈ ಕಥೆ ಹೊಸದಲ್ಲ. ಪೂರ್ವ ಜರ್ಮನಿಗೆ ಹೋಗೋಣ. ಅಲ್ಲಿನ ತ್ಸ್ವಿಕಾವ್ ಊರಲ್ಲಿ 1957ರಿಂದ 1991ರವರೆಗೆ ಟ್ರಾಬಾಂಟ್ ಅನ್ನೋ ಪುಟ್ಟ ಕಾರು ತಯಾರಾಗ್ತಿತ್ತು. ಒಟ್ಟು ಸುಮಾರು 30 ಲಕ್ಷ ಕಾರುಗಳು. ಉಕ್ಕಿನ ತಗಡಿಗೆ ಬರ ಇತ್ತು. ಹಾಗಾಗಿ ಹತ್ತಿಯ ತ್ಯಾಜ್ಯಕ್ಕೆ ಫೀನಾಲ್ ರಾಳ ಸೇರಿಸಿ, ಬಿಸಿಯಲ್ಲಿ ಒತ್ತಿ ಬಾಡಿಯ ಹೊರಭಾಗ ಮಾಡಿದ್ರು. ಹೆಸರು ಡ್ಯೂರೋಪ್ಲಾಸ್ಟ್. ತುಕ್ಕೇ ಹಿಡಿಯಲ್ಲ! ಒಂದು ಕಾರಿಗಾಗಿ ಜನ ಹತ್ತು ವರ್ಷಕ್ಕೂ ಹೆಚ್ಚು ಕಾದಿದ್ದುಂಟು.

1989ರ ನವೆಂಬರ್‌ನಲ್ಲಿ ಬರ್ಲಿನ್ ಗೋಡೆ ಬಿತ್ತು. ಜನ ಪಶ್ಚಿಮದ ಕಾರುಗಳ ಕಡೆ ಓಡಿದ್ರು, ಟ್ರಾಬಾಂಟ್‌ಗಳು ಬೀದಿಪಾಲಾದವು. ಒಳಗಿನ ಉಕ್ಕನ್ನು ಕರಗಿಸಬಹುದು. ಡ್ಯೂರೋಪ್ಲಾಸ್ಟ್ ಕರಗಲ್ಲ, ಸುಟ್ಟರೆ ವಿಷದ ಹೊಗೆ, ಹೂತರೆ ಕೊಳೆಯಲ್ಲ.

ಹತ್ತಿ ಮಣ್ಣಲ್ಲಿ ಕೊಳೆಯುತ್ತಲ್ವಾ? ಕೊಳೆಯುತ್ತೆ, ಒಂಟಿಯಾಗಿದ್ರೆ. ಮಣ್ಣಿನ ಶಿಲೀಂಧ್ರಗಳು ತಮ್ಮ ಕಿಣ್ವಗಳಿಂದ ನಾರಿನ ಸೆಲ್ಯುಲೋಸನ್ನು ಒಡೆದು ತಿನ್ನುತ್ತವೆ. ಆದರೆ ಇಲ್ಲಿ ಎಳೆಎಳೆಗೂ ರಾಳದ ಕವಚ. ಕತ್ತರಿಸಿದ ಅಂಚಲ್ಲಿ ಮಾತ್ರ ನೀರು ಒಳಗೆ ಹೋಗಿ ನಾರು ಉಬ್ಬುತ್ತೆ, ಸಣ್ಣ ಬಿರುಕು ಬಿಡುತ್ತೆ, ಅಲ್ಲಿಗೆ ಶಿಲೀಂಧ್ರ ಇಳಿಯುತ್ತೆ. ನಾರು ಹೋಗುತ್ತೆ, ಪ್ಲಾಸ್ಟಿಕ್ ಉಳಿಯುತ್ತೆ. ಪಾಲಿಪ್ರೊಪಿಲೀನ್ ಜೊತೆ ನಾರು ಬೆರೆಸಿದ್ರೂ ಇದೇ ಗತಿ: ವಸ್ತು ಪುಡಿಯಾಗಬಹುದು, ಆ ಪುಡಿ ಪ್ಲಾಸ್ಟಿಕ್ಕೇ. ಜೋಳದಿಂದ ಮಾಡೋ ಪಿಎಲ್‌ಎ ಕೂಡ ಬೇಗ ಕೊಳೆಯೋಕೆ 60 ಡಿಗ್ರಿ ಆಸುಪಾಸಿನ ಕಾಂಪೋಸ್ಟ್ ಬಿಸಿ ಬೇಕು. ಹೂಕುಂಡದಲ್ಲಿ ಅದೆಲ್ಲಿಂದ ಬರಬೇಕು?

ನಾನು ಕಾಮರ್ಸ್ ಓದಿದವನು. ನನಗೆ ಕಾಣೋ ಲೆಕ್ಕ ಇಷ್ಟು: ಟ್ರಾಬಾಂಟ್ ಮಾಡುವಾಗ ಉಳಿಸಿದ ಉಕ್ಕು ಲಾಭದ ಕಡೆ ಬಂತು, ಕಸದ ಖರ್ಚನ್ನು ಮುಂದಿನವರ ಖಾತೆಗೆ ಬರೆದ್ರು.

ನನ್ನ ಕಪ್ಪಿನ ಡಬ್ಬ ಇನ್ನೂ ಇತ್ತು. ತಿರುಗಿಸಿ ನೋಡಿದೆ. ತಳದಲ್ಲಿ ಸಣ್ಣಕ್ಷರದಲ್ಲಿ ‘ಮೆಲಮೈನ್’ ಅಂತಿತ್ತು. ಬಿದಿರು ಬೆರೆಸಿದ ಇಂಥ ಪ್ಲಾಸ್ಟಿಕ್ ಪಾತ್ರೆಗಳ ಮೇಲೆ ಯುರೋಪಿಯನ್ ಒಕ್ಕೂಟ 2021ರಲ್ಲೇ ಕ್ರಮ ಶುರು ಮಾಡಿತ್ತು. ಮುಂದಿನ ಸಲ ‘ನೈಸರ್ಗಿಕ ನಾರು’ ಅಂತ ಕಂಡ್ರೆ, ಆ ನಾರನ್ನು ಅಂಟಿಸಿರೋದು ಯಾವುದರಲ್ಲಿ ಅಂತ ಮೊದಲು ಕೇಳಿ. ಮುಂದಿನ ವಾರ ಸಿಗೋಣ.