ಸೇಂಟ್ ಪಾಲ್ಸ್ ಬೆನ್ನಿಗಿದ್ದ ಹಬ್ಬದ ಓಣಿ

ಊರಿನಿಂದ ಅಪ್ಪ ಅಮ್ಮ ಬಂದರೆ, ನೆಂಟರು ಬಂದರೆ ಲಂಡನ್ನಿನಲ್ಲಿರುವ ನಾವೆಲ್ಲ ಅವರನ್ನು ತಪ್ಪದೆ ಕರೆದುಕೊಂಡು ಹೋಗುವ ಜಾಗಗಳಲ್ಲಿ ಸೇಂಟ್ ಪಾಲ್ಸ್ ಕಥೀಡ್ರಲ್ ಒಂದು. ಮೆಟ್ಟಿಲ ಮೇಲೆ ನಿಲ್ಲಿಸಿ ಫೋಟೋ ತೆಗೆಯುತ್ತೇವೆ, ಗುಮ್ಮಟ ತೋರಿಸುತ್ತೇವೆ, ಹಾಗೇ ಮಿಲೇನಿಯಂ ಸೇತುವೆಯ ಕಡೆಗೆ ಇಳಿದುಬಿಡುತ್ತೇವೆ. ಕಥೀಡ್ರಲ್‌ನ ಉತ್ತರಕ್ಕಿರುವ ಪ್ಯಾಟರ್‌ನಾಸ್ಟರ್ ಸ್ಕ್ವೇರ್‌ಗೆ ಕಾಲಿಟ್ಟವರು ನಮ್ಮಲ್ಲಿ ಕಡಿಮೆ. ಕಾಲಿಟ್ಟರೂ ಅಲ್ಲಿ ಕಾಣುವುದು ಕಚೇರಿಗಳು, ಕಾಫಿ ಅಂಗಡಿಗಳು, 2004ರಲ್ಲಿ ಅಲ್ಲಿಗೆ ಬಂದ ಷೇರುಪೇಟೆ, ಕುರಿಗಳನ್ನು ಅಟ್ಟಿಕೊಂಡು ಹೋಗುವ ಕುರುಬನ ಕಂಚಿನ ಶಿಲ್ಪ. ಆ ಶಿಲ್ಪ ಎಲಿಸಬೆತ್ ಫ್ರಿಂಕ್ 1975ರಲ್ಲಿ ಮಾಡಿದ್ದು. ಇಲ್ಲಿ ಹಿಂದೆ ಏನಿತ್ತು ಎಂದು ಹೇಳುವ ಗುರುತು ಹುಡುಕಿದರೆ ಮಾತ್ರ ಸಿಗುತ್ತದೆ.

ಇಲ್ಲಿದ್ದದ್ದು ಪುಸ್ತಕದ ಪೇಟೆ. ಅದರಲ್ಲೂ ಸತ್ಯವೇದ, ಪ್ರಾರ್ಥನೆಯ ಪುಸ್ತಕ, ಮಕ್ಕಳ ಕತೆ, ಹಬ್ಬದ ಉಡುಗೊರೆ ಮಾರುತ್ತಿದ್ದ ಅಂಗಡಿಗಳ ಓಣಿ. ಹಬ್ಬವೆಲ್ಲ ವ್ಯಾಪಾರವಾಗಿಹೋಯಿತು ಎನ್ನುವ ಮಾತು ಪ್ರತಿ ಡಿಸೆಂಬರಿನಲ್ಲೂ ನಮ್ಮ ಕಿವಿಗೆ ಬೀಳುತ್ತದೆ. ಈ ಓಣಿಯ ಚರಿತ್ರೆಯ ಬೆನ್ನು ಹತ್ತಿದ ಮೇಲೆ ಆ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಇಲ್ಲಿ ಭಕ್ತಿಯನ್ನೂ ಓದನ್ನೂ ಶತಮಾನಗಳ ಕಾಲ ಸಾಕಿದ್ದು ಉಡುಗೊರೆಯ ವ್ಯಾಪಾರವೇ.

ಓಣಿಯ ಹೆಸರು ಪ್ಯಾಟರ್‌ನಾಸ್ಟರ್ ರೋ. ಲಂಡನ್ ನಗರದ ಮೊದಲ ದೊಡ್ಡ ಚರಿತ್ರಕಾರ ಜಾನ್ ಸ್ಟೋ 1598ರಲ್ಲಿ ಇದರ ವಿಷಯ ಬರೆದಿದ್ದಾನೆ. ಕೈಬರಹದ ಪುಸ್ತಕ ಮಾಡುವವರು ಇಲ್ಲಿ ಮನೆ ಮಾಡಿಕೊಂಡಿದ್ದರು. ಮಕ್ಕಳ ಅಕ್ಷರಮಾಲೆ, ಕರ್ತನ ಪ್ರಾರ್ಥನೆ, ಊಟದ ಹೊತ್ತಿನ ಪ್ರಾರ್ಥನೆ ಬರೆದು ಮಾರುತ್ತಿದ್ದರು. ಅವರ ಪಕ್ಕದಲ್ಲೇ ಜಪಮಣಿ ಕಡೆಯುವವರಿದ್ದರು. ಕರ್ತನ ಪ್ರಾರ್ಥನೆಯ ಲ್ಯಾಟಿನ್ ಮೊದಲ ಪದಗಳಾದ 'ಪ್ಯಾಟರ್ ನಾಸ್ಟರ್' ಎಂಬುವೇ ಮಣಿಸರಕ್ಕೂ ಮಣಿಗಾರರಿಗೂ ಹೆಸರಾಗಿದ್ದವು. ಸುತ್ತಲಿನ ಬೀದಿಗಳಿಗೆ ಈಗಲೂ ಏವ್ ಮರಿಯ ಲೇನ್, ಆಮೆನ್ ಕಾರ್ನರ್, ಕ್ರೀಡ್ ಲೇನ್ ಎಂಬ ಹೆಸರುಗಳಿವೆ. ಅಂದರೆ ಅಚ್ಚುಮೊಳೆ ಇಂಗ್ಲೆಂಡಿಗೆ ಬರುವ ಮೊದಲೇ ಇಲ್ಲಿ ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ಮಣಿಸರ ಹಿಡಿದು ಮಾರುವ ಪೇಟೆ ನಿಂತಿತ್ತು. 16ನೇ ಶತಮಾನದ ಮತಸುಧಾರಣೆಯಲ್ಲಿ ಜಪಮಣಿ ನಿಷಿದ್ಧವಾಯಿತು, ಮಣಿಗಾರರು ಮರೆಯಾದರು, ಪುಸ್ತಕದವರು ಉಳಿದರು. 1647ರಲ್ಲಿ ಪಾರ್ಲಿಮೆಂಟು ಕ್ರಿಸ್‌ಮಸ್ ಆಚರಣೆಯನ್ನೇ ರದ್ದುಮಾಡಿತು. 1660ರಲ್ಲಿ ರಾಜಪ್ರಭುತ್ವ ಮರಳಿದ ಮೇಲೆ ಹಬ್ಬವೂ ಹಿಂತಿರುಗಿತು. 1666ರ ಮಹಾ ಅಗ್ನಿದುರಂತದಲ್ಲಿ ಬೆಂಕಿ ತಾಗದಿರಲಿ ಎಂದು ವ್ಯಾಪಾರಿಗಳು ತಮ್ಮ ಪುಸ್ತಕಗಳನ್ನು ಹಳೆಯ ಕಥೀಡ್ರಲ್‌ನ ನೆಲಮಾಳಿಗೆಯಲ್ಲಿದ್ದ ಸೇಂಟ್ ಫೇಯ್ತ್ ಚರ್ಚಿಗೆ ತುಂಬಿದರು. ಬೆಂಕಿ ಅಲ್ಲಿಗೂ ಇಳಿಯಿತು. ಅಷ್ಟಾದರೂ ಅವರು ಅದೇ ಜಾಗಕ್ಕೆ ಮರಳಿ ಅಂಗಡಿ ಹಾಕಿದರು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಈ ಪೇಟೆಯ ಒಂದು ಅಂಗಡಿ, ಕಥೀಡ್ರಲ್ ಅಂಗಳಕ್ಕೆ ಮುಖ ಮಾಡಿದ್ದ ಜಾನ್ ನ್ಯೂಬೆರಿಯ ಅಂಗಡಿ. ಬರ್ಕ್‌ಷೈರಿನ ರೈತನ ಮಗ. 1745ರಲ್ಲಿ ಇಲ್ಲಿಗೆ ಬಂದು 'ಬೈಬಲ್ ಮತ್ತು ಸೂರ್ಯ' ಎಂಬ ಫಲಕ ತೂಗುಹಾಕಿದ. ಓದಲು ಬಾರದವರಿಗೂ ಗುರುತು ಸಿಗಲೆಂದು ಅಂಗಡಿಗಳು ಚಿತ್ರದ ಫಲಕ ಹಾಕುತ್ತಿದ್ದ ಕಾಲ ಅದು. ಪುಸ್ತಕದ ಜೊತೆಗೆ ಅವನು ಡಾಕ್ಟರ್ ಜೇಮ್ಸ್ ಅವರ ಜ್ವರದ ಪುಡಿಯನ್ನೂ ಮಾರುತ್ತಿದ್ದ. ಅವನ ಹಣದ ಬಹುಪಾಲು ಬಂದದ್ದು ಔಷಧಿಗಳಿಂದ. ಆದರೆ ಅವನ ಹೆಸರು ಉಳಿದಿರುವುದು ಮಕ್ಕಳ ಪುಸ್ತಕಗಳಿಂದ.

ಇಲ್ಲಿಗೆ ಬರುವ ಹಿಂದಿನ ವರ್ಷ, 1744ರಲ್ಲಿ, ಅವನು ಒಂದು ಪುಟ್ಟ ಜೇಬು ಪುಸ್ತಕ ಹೊರತಂದ. ಬೆಲೆ ಆರು ಪೆನ್ನಿ. ಇನ್ನೆರಡು ಪೆನ್ನಿ ಸೇರಿಸಿ ಕೊಟ್ಟರೆ ಗಂಡುಮಕ್ಕಳಿಗೆ ಒಂದು ಚೆಂಡು, ಹೆಣ್ಣುಮಕ್ಕಳಿಗೆ ಗುಂಡುಸೂಜಿ ಚುಚ್ಚಿಡುವ ಪುಟ್ಟ ದಿಂಬು. ಅವೆರಡಕ್ಕೂ ಒಂದು ಮಗ್ಗುಲು ಕೆಂಪು, ಇನ್ನೊಂದು ಕಪ್ಪು. ಮಗು ಒಳ್ಳೆಯ ಕೆಲಸ ಮಾಡಿದರೆ ಕೆಂಪಿನ ಕಡೆಗೆ ಒಂದು ಸೂಜಿ, ತಪ್ಪು ಮಾಡಿದರೆ ಕಪ್ಪಿನ ಕಡೆಗೆ ಒಂದು ಸೂಜಿ. ನೀತಿಬೋಧೆಯನ್ನು ಆಟದ ಸಾಮಾನಿನೊಳಗೆ ಇಟ್ಟು ಕೊಡುವ ಈ ಉಪಾಯ ಆ ಕಾಲಕ್ಕೆ ಹೊಸದು. ಅಲ್ಲಿಯವರೆಗೆ ಮಕ್ಕಳಿಗೆಂದು ಬರುತ್ತಿದ್ದ ಧರ್ಮದ ಪುಸ್ತಕಗಳಲ್ಲಿ ಸಾವು, ಪಾಪ, ನರಕ ಇವೇ ತುಂಬಿರುತ್ತಿದ್ದವು. ನ್ಯೂಬೆರಿ ತನ್ನ ಪುಟ್ಟ ಪುಸ್ತಕಗಳಿಗೆ ಹೂವಿನ ಚಿತ್ತಾರದ ಹೊಳೆಯುವ ಬಣ್ಣದ ಕಾಗದದ ರಟ್ಟು ಹಾಕಿಸಿದ. ಮಗು ಕೈಗೆ ತೆಗೆದುಕೊಳ್ಳಬೇಕು, ಆಮೇಲೆ ತೆರೆಯಬೇಕು, ಆಮೇಲೆ ಓದಬೇಕು ಎನ್ನುವ ಕ್ರಮ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಹಬ್ಬಗಳನ್ನಂತೂ ಅವನು ಒಂದನ್ನೂ ಬಿಡಲಿಲ್ಲ. ಕ್ರಿಸ್‌ಮಸ್ಸಿಗೊಂದು ಪುಸ್ತಕ, ಹೊಸ ವರ್ಷಕ್ಕೊಂದು, ಕ್ರಿಸ್‌ಮಸ್ಸಿನ ಹನ್ನೆರಡನೆಯ ದಿನಕ್ಕೊಂದು, ಈಸ್ಟರಿಗೊಂದು. ಹೊಸ ವರ್ಷದ ಪುಸ್ತಕಕ್ಕೆ ಅವನು ಕೊಟ್ಟ ಜಾಹೀರಾತಿನಲ್ಲಿ ಪುಸ್ತಕ ಪುಕ್ಕಟೆ, ಬೈಂಡಿಂಗ್ ಕಾಸು ಮಾತ್ರ ಕೊಟ್ಟರೆ ಸಾಕು ಎಂದಿತ್ತು. ಮಕ್ಕಳಿಗಾಗಿ ಸತ್ಯವೇದದ ಸಂಕ್ಷೇಪವನ್ನೂ ಅವನ ಅಂಗಡಿ ಹೊರತಂದಿತು. ಸಾಲದಲ್ಲಿ ಮುಳುಗುತ್ತಿದ್ದ ಲೇಖಕ ಆಲಿವರ್ ಗೋಲ್ಡ್‌ಸ್ಮಿತ್‌ಗೆ ಕೆಲಸ ಕೊಟ್ಟು, ವಸತಿಯ ಖರ್ಚು ನೋಡಿಕೊಂಡವನೂ ಇವನೇ. ಗೋಲ್ಡ್‌ಸ್ಮಿತ್ ತನ್ನ ಕಾದಂಬರಿಯಲ್ಲಿ ಈ ಅಂಗಡಿಯ ಉದಾರಿ ಪುಸ್ತಕ ವ್ಯಾಪಾರಿಯನ್ನು ಪಾತ್ರವಾಗಿ ತಂದಿದ್ದಾನೆ. ಅಮೆರಿಕದಲ್ಲಿ 1922ರಿಂದ ಮಕ್ಕಳ ಸಾಹಿತ್ಯಕ್ಕೆ ಕೊಡುತ್ತಿರುವ ಪದಕಕ್ಕೆ ನ್ಯೂಬೆರಿಯ ಹೆಸರಿದೆ. ಅವನು ತೀರಿಕೊಂಡದ್ದು 1767ರ ಡಿಸೆಂಬರ್ 22ರಂದು. ಅಂಗಡಿಯಲ್ಲಿ ಹನ್ನೆರಡನೆಯ ದಿನದ ಉಡುಗೊರೆ ಪುಸ್ತಕ ಹೊಸದಾಗಿ ಬಂದಿದ್ದ ವರ್ಷ.

ಅವನ ಮಗ ಮತ್ತು ಮಲಮಗ ಅಂಗಡಿ ಮುಂದುವರಿಸಿದರು. ಅವರ ಪುಸ್ತಕಗಳ ಮೇಲೆ ಅಚ್ಚಾಗಿರುವ ವಿಳಾಸ 65, ಸೇಂಟ್ ಪಾಲ್ಸ್ ಚರ್ಚ್‌ಯಾರ್ಡ್. ಮುಂದಿನ ಶತಮಾನದಲ್ಲಿ ಇದೇ 65 ಎಂಬ ವಿಳಾಸ ಇನ್ನೊಂದು ಸಂಸ್ಥೆಯ ಪುಸ್ತಕಗಳ ಮೇಲೆ ಕಾಣುತ್ತದೆ. ಅದು ರಿಲಿಜಿಯಸ್ ಟ್ರ್ಯಾಕ್ಟ್ ಸೊಸೈಟಿ. ಹಿಂಭಾಗದ ಬಾಗಿಲು 56, ಪ್ಯಾಟರ್‌ನಾಸ್ಟರ್ ರೋ. 1799ರ ಮೇ ತಿಂಗಳಲ್ಲಿ ಇದೇ ಅಂಗಳದ ಸೇಂಟ್ ಪಾಲ್ಸ್ ಕಾಫಿ ಹೌಸಿನಲ್ಲಿ ಕೆಲವರು ಪಾದ್ರಿಗಳು ಸೇರಿ ಕಟ್ಟಿದ ಸಂಘ. ಬಡವರಿಗೆ ಅರ್ಧ ಪೆನ್ನಿ, ಒಂದು ಪೆನ್ನಿಯ ಕರಪತ್ರ ತಲುಪಿಸುವುದು ಅವರ ಉದ್ದೇಶ. ಪುಕ್ಕಟೆ ಹಂಚುವ ಕೆಲಸಕ್ಕೆ ಹಣ ಬೇಕು. ಆ ಹಣ ಬರಲೆಂದೇ ಸಂಘ ಒಳ್ಳೆಯ ರಟ್ಟಿನ, ಚಿತ್ರಗಳ, ಉಡುಗೊರೆಗೆ ಒಪ್ಪುವ ಪುಸ್ತಕಗಳ ವ್ಯಾಪಾರಕ್ಕೂ ಇಳಿಯಿತು. ಒಂದು ಕೈಯಲ್ಲಿ ಗಳಿಸಿ ಇನ್ನೊಂದು ಕೈಯಲ್ಲಿ ಕೊಟ್ಟಿತು.

ಈ ಸಂಘದ ಕತೆ ಒಂದು ಕಡೆ ನಮ್ಮ ನಾಡಿನ ಕತೆಗೆ ಬಂದು ಸೇರುತ್ತದೆ. ಅದನ್ನು ಹುಟ್ಟುಹಾಕಿದವರಲ್ಲಿ ಮುಖ್ಯನಾದ ಜಾರ್ಜ್ ಬರ್ಡರ್ ಮುಂದೆ ಲಂಡನ್ ಮಿಷನರಿ ಸೊಸೈಟಿಯ ಕಾರ್ಯದರ್ಶಿಯಾದ. ಅವನ ಕಾಲದಲ್ಲೇ ಆ ಮಿಷನ್ನು ಜಾನ್ ಹ್ಯಾಂಡ್ಸ್‌ನನ್ನು ಭಾರತಕ್ಕೆ ಕಳಿಸಿತು. 1810ರಲ್ಲಿ ಹ್ಯಾಂಡ್ಸ್ ಬಳ್ಳಾರಿ ಸೇರಿದ. ಅಲ್ಲಿ ಕುಳಿತು ಕನ್ನಡ ಕಲಿತು, ಸತ್ಯವೇದವನ್ನು ಕನ್ನಡಕ್ಕೆ ತಂದ. 1831ರ ಹೊತ್ತಿಗೆ ಅದು ಪೂರ್ತಿಯಾಯಿತು. ಅವನ ಜೊತೆಗಾರ ವಿಲಿಯಂ ರೀವ್ ಕನ್ನಡದ ಆರಂಭದ ದೊಡ್ಡ ನಿಘಂಟುಗಳನ್ನು ಮಾಡಿದ. ಇತ್ತ ಟ್ರ್ಯಾಕ್ಟ್ ಸೊಸೈಟಿಯ ಸಭೆಯಲ್ಲಿ ನಡೆದ ಚರ್ಚೆಯಿಂದಲೇ 1804ರಲ್ಲಿ ಬೈಬಲ್ ಸೊಸೈಟಿ ಹುಟ್ಟಿತು. ಹೊರದೇಶದ ಮಿಷನ್ ಮುದ್ರಣಾಲಯಗಳಿಗೆ ಟ್ರ್ಯಾಕ್ಟ್ ಸೊಸೈಟಿ ಕಾಗದವನ್ನೂ ಹಣವನ್ನೂ ಕಳಿಸುತ್ತಿತ್ತು, ಅದಕ್ಕೆ ವ್ಯಾಪಾರದ ಲಾಭ ಆಧಾರವಾಗಿತ್ತು. ಲಂಡನ್ನಿನ ಯಾವುದೋ ಮನೆಯಲ್ಲಿ ಕ್ರಿಸ್‌ಮಸ್ ಬೆಳಿಗ್ಗೆ ಮಗುವಿನ ಕೈಗೆ ಬಂದ ಪುಸ್ತಕದ ಲಾಭದಿಂದ ದೂರದ ಒಂದು ಊರಿನಲ್ಲಿ, ಇನ್ನೊಂದು ಭಾಷೆಯಲ್ಲಿ, ಅಚ್ಚಿನ ಹಾಳೆಯೊಂದು ಹೊರಬರುತ್ತಿತ್ತು. ಹಬ್ಬದ ವ್ಯಾಪಾರದ ಬಗ್ಗೆ ನನ್ನ ಮನಸ್ಸು ಮೆತ್ತಗಾದದ್ದು ಇದನ್ನು ತಿಳಿದ ಮೇಲೆ.

ವಿಕ್ಟೋರಿಯಾ ಕಾಲದಲ್ಲಿ ಡಿಸೆಂಬರ್ ಈ ಓಣಿಯ ಸುಗ್ಗಿ. ತಿಂಗಳ ಕೊನೆಗೆ 'ಮ್ಯಾಗಜೀನ್ ಡೇ' ಎಂದಿತ್ತು. ಅಂದು ಬೇರೆ ಅಂಗಡಿಗಳ ಹುಡುಗರು ಹೆಗಲಿಗೆ ಚೀಲ ಹಾಕಿಕೊಂಡು ಪ್ರಕಾಶಕರ ಬಾಗಿಲಿಂದ ಬಾಗಿಲಿಗೆ ಓಡುತ್ತಾ, ಬೇಕಾದ ಪತ್ರಿಕೆಗಳ ಹೆಸರು ಕೂಗಿ, ಚೀಲ ತುಂಬಿಸಿಕೊಳ್ಳುತ್ತಿದ್ದರು. ವರ್ಷದ ಕೊನೆಗೆ ಕ್ರಿಸ್‌ಮಸ್ ವಿಶೇಷ ಸಂಚಿಕೆಗಳೂ ಸೇರಿಕೊಳ್ಳುತ್ತಿದ್ದವು. ನಮ್ಮ ಮನೆಗಳಲ್ಲಿ ದೀಪಾವಳಿ ವಿಶೇಷಾಂಕಕ್ಕೆ ಹೇಗೆ ಕಾಯುತ್ತಿದ್ದೆವೋ ಹಾಗೆ ಇಲ್ಲಿನ ಮನೆಗಳು ಅವಕ್ಕೆ ಕಾಯುತ್ತಿದ್ದವು. ಟ್ರ್ಯಾಕ್ಟ್ ಸೊಸೈಟಿ 1879ರ ಜನವರಿಯಲ್ಲಿ ಗಂಡುಮಕ್ಕಳಿಗೆಂದು 'ಬಾಯ್ಸ್ ಓನ್ ಪೇಪರ್', ಮರುವರ್ಷ ಹೆಣ್ಣುಮಕ್ಕಳಿಗೆಂದು 'ಗರ್ಲ್ಸ್ ಓನ್ ಪೇಪರ್' ಶುರುಮಾಡಿತು. ವಾರಕ್ಕೆ ಒಂದು ಪೆನ್ನಿ. ಪತ್ರಿಕೆಯ ಮೇಲೆ ಧಾರ್ಮಿಕ ಸಂಘದ ಹೆಸರು ಕಂಡರೆ ಹುಡುಗರು ಹತ್ತಿರ ಬರಲಾರರೆಂದು ಪ್ರಕಾಶಕರ ಜಾಗದಲ್ಲಿ ಬೇರೆ ಹೆಸರು ಹಾಕಿದರು. ವರ್ಷದ ಸಂಚಿಕೆಗಳನ್ನೆಲ್ಲ ಸೇರಿಸಿ ಹೊಲಿದ ದಪ್ಪ ಸಂಪುಟ ಕ್ರಿಸ್‌ಮಸ್ಸಿನ ಮೆಚ್ಚಿನ ಉಡುಗೊರೆಯಾಯಿತು. ಸಂಡೇ ಸ್ಕೂಲಿನಲ್ಲಿ ಬಹುಮಾನ ಕೊಡುವುದಕ್ಕೂ ಊರೂರಿನ ಚರ್ಚುಗಳು ಇಲ್ಲಿಂದಲೇ ಪುಸ್ತಕ ತರಿಸುತ್ತಿದ್ದವು. ಹೆಸ್ಬಾ ಸ್ಟ್ರೆಟನ್ ಬರೆದ, ಬೀದಿಯಲ್ಲಿ ಬೆಳೆದ ಜೆಸ್ಸಿಕಾ ಎಂಬ ಹುಡುಗಿಯ ಕತೆ 1867ರಲ್ಲಿ ಪುಸ್ತಕವಾಗಿ ಬಂದು, ಮುಂದಿನ ವರ್ಷಗಳಲ್ಲಿ ಹತ್ತು ಲಕ್ಷ ಪ್ರತಿಗಳನ್ನೂ ಮೀರಿ ಹೋಯಿತು.

ಹಬ್ಬದ ಇನ್ನೊಂದು ಸರಕು ಕಾರ್ಡು. ಮೊದಲ ಕ್ರಿಸ್‌ಮಸ್ ಕಾರ್ಡು ಈ ನಗರದಲ್ಲೇ, 1843ರಲ್ಲಿ, ಹೆನ್ರಿ ಕೋಲ್ ಅಚ್ಚುಹಾಕಿಸಿದ್ದು. ಒಂದಕ್ಕೆ ಒಂದು ಶಿಲ್ಲಿಂಗ್, ಸಾಮಾನ್ಯರ ಕೈಗೆ ಎಟುಕದ ಬೆಲೆ. ಅದನ್ನು ಎಲ್ಲರ ಮನೆಗೆ ತಲುಪಿಸಿದವರಲ್ಲಿ ದೊಡ್ಡ ಹೆಸರು ರಾಫೆಲ್ ಟಕ್ ಅವರದು. ಪ್ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬ, 1866ರಲ್ಲಿ ಲಂಡನ್ನಿನಲ್ಲಿ ಚಿತ್ರಪಟದ ಸಣ್ಣ ಅಂಗಡಿ ಇಟ್ಟಿತು; ಮುಂದೆ ಮೂರ್‌ಫೀಲ್ಡ್ಸ್‌ನಲ್ಲಿ ರಾಫೆಲ್ ಹೌಸ್ ಎಂಬ ದೊಡ್ಡ ಕಟ್ಟಡ ಕಟ್ಟಿತು. ಬೇರೆ ನಾಡಿನಿಂದ ಬಂದು, ಬೇರೆಯವರ ಹಬ್ಬವನ್ನು ಅಷ್ಟು ಚೆಂದ ಮಾಡಿದ ಆ ಮನೆತನದ ಬಗ್ಗೆ ವಲಸಿಗರಾದ ನಾವು ತಿಳಿದುಕೊಳ್ಳಲೇಬೇಕು.

ಈ ಓಣಿಗೆ ಕೊನೆ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. 1940ರ ಡಿಸೆಂಬರ್ 29, ಭಾನುವಾರ. ಕ್ರಿಸ್‌ಮಸ್ ಮುಗಿದು ನಾಲ್ಕು ದಿನ. ರಜೆಯ ವಾರ, ಸಾಲದ್ದಕ್ಕೆ ಭಾನುವಾರ. ಅಂಗಡಿಗಳಿಗೆ, ಗೋದಾಮುಗಳಿಗೆ ಬೀಗ. ಬೆಂಕಿ ಕಾಯುವವರು ಹಲವು ಕಟ್ಟಡಗಳಲ್ಲಿ ಇರಲಿಲ್ಲ. ಸಂಜೆ ಆರು ಗಂಟೆಯ ನಂತರ ಜರ್ಮನ್ ವಿಮಾನಗಳು ಬಂದು ನಗರದ ಹೃದಯಭಾಗದ ಮೇಲೆ ಸಾವಿರಾರು ಬೆಂಕಿಬಾಂಬುಗಳನ್ನು ಸುರಿದವು. ಒಂದೊಂದು ಬಾಂಬೂ ಚಿಕ್ಕದು. ಯಾರಾದರೂ ಹತ್ತಿರವಿದ್ದು ಮರಳು ಸುರಿದರೆ ಆರಿಸಬಹುದಿತ್ತು. ಬೀಗ ಹಾಕಿದ ಅಂಗಡಿಯ ಮಾಡಿನ ಮೇಲೆ ಬಿದ್ದದ್ದನ್ನು ಆರಿಸುವವರು ಯಾರು? ನೀರಿನ ಮುಖ್ಯ ಕೊಳವೆಗಳು ಒಡೆದವು. ಥೇಮ್ಸ್ ನದಿ ಇಳಿತದಲ್ಲಿತ್ತು, ಪಂಪಿನ ಕೊಳವೆ ನೀರಿಗೆ ಮುಟ್ಟಿಸುವುದೇ ಕಷ್ಟವಾಯಿತು. ಇಕ್ಕಟ್ಟಾದ ಓಣಿ, ಎರಡು ಕಡೆಯೂ ಒಣಗಿದ ಕಾಗದ.

ಬೆಳಗಾಗುವಷ್ಟರಲ್ಲಿ ಪ್ಯಾಟರ್‌ನಾಸ್ಟರ್ ರೋ ಇರಲಿಲ್ಲ. 1724ರಿಂದ ಇಲ್ಲಿದ್ದ ಲಾಂಗ್‌ಮನ್ಸ್, ಬೈಬಲ್ ಪ್ರಕಾಶಕರಾದ ನೆಲ್ಸನ್, ಕ್ಯಾಥೊಲಿಕ್ ಪ್ರಕಾಶಕರಾದ ಶೀಡ್ ಅಂಡ್ ವಾರ್ಡ್, ಎಲ್ಲರ ಮನೆಗಳೂ ಬೂದಿ. ಸುಟ್ಟ ಪುಸ್ತಕಗಳ ಅಂದಾಜು ಐವತ್ತು ಲಕ್ಷಕ್ಕೂ ಮೇಲೆ. ಅದೇ ರಾತ್ರಿ ಟಕ್ ಅವರ ರಾಫೆಲ್ ಹೌಸ್ ಕೂಡ ಸುಟ್ಟುಹೋಯಿತು. ಕಥೀಡ್ರಲ್ ಉಳಿಯಿತು. ಅದು ಪವಾಡವೆಂದು ಹಲವರು ಹೇಳಿದರು. ನನ್ನ ಕಣ್ಣಿಗೆ ಕಾಣುವುದು ರಾತ್ರಿಯಿಡೀ ಮಾಡಿನ ಮೇಲೆ ಮರಳಿನ ಚೀಲ, ಕೈಪಂಪು ಹಿಡಿದು ಓಡಾಡಿದ ಸ್ವಯಂಸೇವಕರ ಕಾವಲು ಪಡೆ. ಹೊಗೆಯ ನಡುವೆ ಗುಮ್ಮಟ ಎದ್ದು ನಿಂತಿರುವ, ಹರ್ಬರ್ಟ್ ಮೇಸನ್ ತೆಗೆದ ಆ ರಾತ್ರಿಯ ಚಿತ್ರವನ್ನು ನೀವೂ ನೋಡಿರುತ್ತೀರಿ. ಆ ಹೊಗೆಯಲ್ಲಿ ಪುಸ್ತಕಗಳ ಹೊಗೆಯೂ ಇದೆ.

ನಷ್ಟ ಲಂಡನ್ನಿಗಷ್ಟೇ ಆಗಲಿಲ್ಲ. ಸಿಂಪ್ಕಿನ್ ಮಾರ್ಷಲ್ ಎಂಬ ಸಗಟು ವ್ಯಾಪಾರಿಗಳು ಇಲ್ಲಿದ್ದರು. ದೂರದ ಊರಿನ ಸಣ್ಣ ಅಂಗಡಿಯವರು ಯಾವ ಪ್ರಕಾಶಕರ ಯಾವ ಪುಸ್ತಕ ಬೇಕೆಂದರೂ, ಒಂದೇ ಪ್ರತಿ ಬೇಕೆಂದರೂ, ಇವರಿಗೆ ಬರೆದರೆ ಸಾಕಿತ್ತು. ಚರ್ಚಿನ ಪಕ್ಕ ಪುಟ್ಟ ಅಂಗಡಿ ಇಟ್ಟುಕೊಂಡು, ಕಾರ್ಡು, ಮೇಣದಬತ್ತಿ, ನಾಲ್ಕು ಪ್ರಾರ್ಥನೆಯ ಪುಸ್ತಕ ಮಾರುವವರಿಗೆ ಇಂಥ ಆಸರೆ ಎಷ್ಟು ದೊಡ್ಡದೆಂದು ವ್ಯಾಪಾರ ಬಲ್ಲವರಿಗೆ ಹೇಳಬೇಕಿಲ್ಲ. ಅವರ ದಾಸ್ತಾನು ಆ ರಾತ್ರಿ ಹೋಯಿತು. ಸಂಸ್ಥೆ ಹೇಗೋ ಎದ್ದು ನಿಂತು, ಕೈ ಬದಲಾಗಿ, 1955ರಲ್ಲಿ ಮುಚ್ಚಿಹೋಯಿತು. ಪ್ರಕಾಶಕರು ಬೇರೆ ಬೇರೆ ಕಡೆಗೆ ಚದುರಿದರು. 1960ರ ದಶಕದಲ್ಲಿ ಇಲ್ಲಿ ಎದ್ದ ಕಾಂಕ್ರೀಟ್ ಕಚೇರಿಗಳನ್ನು ಕೆಡವಿ, ಈಗಿನ ಚೌಕವನ್ನು 2003ರ ಹೊತ್ತಿಗೆ ಕಟ್ಟಿ ಮುಗಿಸಿದರು.

ಈ ಡಿಸೆಂಬರಿನಲ್ಲಿ ಕಥೀಡ್ರಲ್‌ನ ಕ್ಯಾರಲ್ ಹಾಡು ಕೇಳಲು ಹೋಗುವವರು ಒಂದು ಗಂಟೆ ಮೊದಲೇ ಹೊರಡಿ. ಲಡ್‌ಗೇಟ್ ಹಿಲ್ ಕಡೆಯಿಂದ ಏವ್ ಮರಿಯ ಲೇನ್‌ಗೆ ತಿರುಗಿ. ಅಲ್ಲಿ ಸ್ಟೇಷನರ್ಸ್ ಹಾಲ್ ಇದೆ. 1403ರಲ್ಲಿ ಹುಟ್ಟಿದ ಪುಸ್ತಕ ವ್ಯಾಪಾರಿಗಳ ಸಂಘದ ಮನೆ, ಇಂದಿಗೂ ಅವರದೇ. ಅಲ್ಲಿಂದ ಮುಂದೆ ಆಮೆನ್ ಕಾರ್ನರ್, ಬಲಕ್ಕೆ ಹೊರಳಿದರೆ ಚೌಕ, ಕುರುಬನ ಶಿಲ್ಪ. ಮಕ್ಕಳು ಜೊತೆಗಿದ್ದರೆ ಕಥೀಡ್ರಲ್‌ನ ಅಂಗಳದಲ್ಲಿ ನಿಲ್ಲಿಸಿ ನ್ಯೂಬೆರಿಯ ಕೆಂಪು ಕಪ್ಪು ಚೆಂಡಿನ ವಿಷಯ ಹೇಳಿ. ಕಥೀಡ್ರಲ್‌ನ ನೆಲಮಾಳಿಗೆಯಲ್ಲಿ ಒಂದು ಅಂಗಡಿಯಿದೆ. ಕಾರ್ಡು, ಕ್ರಿಸ್‌ಮಸ್ ಗಿಡಕ್ಕೆ ಕಟ್ಟುವ ಅಲಂಕಾರ, ಪುಸ್ತಕ ಸಿಗುತ್ತವೆ. ಮಕ್ಕಳಿಗೆ ಅಲ್ಲಿ ಒಂದು ಪುಸ್ತಕ ಕೊಡಿಸಿ.