ಅಂಕಣದಿಂದ ಗಣಕದವರೆಗೆ: ಒಂದು ಮನೆಯ ನಕ್ಷೆಯ ಕಥೆ

ಮತ್ತೋಡಿನ ನಮ್ಮ ಹಳೆಯ ಮಾಳಿಗೆ ಮನೆಗೆ ನಕ್ಷೆಯೆಂಬುದು ಎಂದೂ ಇರಲಿಲ್ಲ. ನಮ್ಮ ತಾತನವರ ಕಾಲದಲ್ಲಿ ಕಟ್ಟಿದ ಮನೆಯದು. ಅದರ ಅಳತೆಯೆಲ್ಲ ಕಟ್ಟಿದವರ ತಲೆಯಲ್ಲಿತ್ತು, ಅವರೊಡನೆಯೇ ಹೋಯಿತು. 2019ರಲ್ಲಿ ಆ ಮನೆಯನ್ನು ಪಾಲು ಮಾಡಬೇಕಾಗಿ ಬಂದಾಗ, ಮೊದಲ ಬಾರಿಗೆ ಅದರ ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಗಣಿತದ ಮೇಷ್ಟ್ರು ಎಂಬ ಹೆಸರು ಬೇರೆ ಇತ್ತಲ್ಲ! ಗಣಕಯಂತ್ರದ ಮುಂದೆ ಕುಳಿತು ನಾನು ಮಾಡಿದ ತಪ್ಪನ್ನೂ, ಅದರಿಂದ ಕಲಿತ ಪಾಠವನ್ನೂ, ಆ ನೆಪದಲ್ಲಿ ತಿಳಿದುಕೊಂಡ ಒಂದಿಷ್ಟು ಚರಿತ್ರೆಯನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಊರಿನ ಹಳೆಯ ಮನೆಗಳ ಮುಂದೆ ಇದೇ ಪ್ರಶ್ನೆಯನ್ನು ಹಿಡಿದು ನಿಂತಿದ್ದೀರಿ ಎಂಬುದನ್ನು ಬಲ್ಲೆ.

ನಮ್ಮೂರಿಗೆ ಹಿಂದೆ ಎರಡು ಹೆಸರಿದ್ದವು: ಒಂದು ಪಾಳೆಯಗಾರರದು, ಇನ್ನೊಂದು ಗಾಜಿನ ಬಳೆಯದು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಮತ್ತೋಡಿಗೂ ಬಂದು, ಇಲ್ಲಿ ಬಳೆಗಾಗಿ ಗಾಜು ಕಾಯಿಸುತ್ತಿದ್ದ ಬಗೆಯನ್ನು ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಲ್ಲಿ ಆ ವಿವರ ಉಳಿದಿದೆ. ಸವಳು ಮಣ್ಣಿನಿಂದ ಗಾಜು ಮಾಡಬಲ್ಲವರು ನಮ್ಮೂರಿನವರು. ಬರೆದಿಟ್ಟವನು ಮಾತ್ರ ಪರಸ್ಥಳದವನು. ಆ ಕುಲುಮೆಗಳು ಆರಿಹೋದ ಮೇಲೆ ನಮಗೆ ಉಳಿದದ್ದು ಅವನ ಬರಹವೇ. ಮನೆಗಳ ವಿಷಯದಲ್ಲಿ ಅಂಥ ಒಬ್ಬನೂ ಬರಲಿಲ್ಲ.

ಹಾಗೆಂದು ಹಿಂದಿನವರು ಲೆಕ್ಕವಿಲ್ಲದೆ ಕಟ್ಟುತ್ತಿದ್ದರೆಂದಲ್ಲ. ಅವರ ಲೆಕ್ಕದ ಮೂಲಮಾನ ಅಂಕಣ. ಎರಡು ಸಾಲು ಕಂಬಗಳ, ಅಂದರೆ ಎರಡು ತೊಲೆಗಳ ನಡುವಿನ ಜಾಗವೇ ಒಂದು ಅಂಕಣ. ಅದರ ಅಗಲವನ್ನು ನಿರ್ಧರಿಸುತ್ತಿದ್ದುದು ಯಜಮಾನನ ಆಸೆಯಲ್ಲ, ಸಿಕ್ಕ ಮರದ ಉದ್ದ. ಜಂತೆ ಎಷ್ಟು ದೂರ ಮಣ್ಣಿನ ಮಾಳಿಗೆಯ ಭಾರವನ್ನು ಬಾಗದೆ ಹೊರಬಲ್ಲುದೋ ಅಷ್ಟೇ ಅಂಕಣ. ‘ಮೂರಂಕಣದ ಮನೆ’ ಎಂದರೆ ಕೇಳಿದವನಿಗೆ ಮನೆಯ ಗಾತ್ರ, ಕಂಬಗಳ ಸಂಖ್ಯೆ, ಬೇಕಾದ ಮರಮುಟ್ಟು ಎಲ್ಲವೂ ಹೊಳೆಯುತ್ತಿದ್ದವು. ಒಂದು ಮಾತಿನಲ್ಲಿ ಅಡಗಿದ ನಕ್ಷೆಯದು.

ನೆಲದ ಮೇಲೆ ಗುರುತು ಹಾಕಲು ಗೂಟ, ಹಗ್ಗ, ಸುಣ್ಣದ ಪುಡಿ. ಮೂಲೆ ನೋಡಲು ಮೂಲೆಮಟ್ಟ. ಮೂಲೆಮಟ್ಟವಿಲ್ಲದಿದ್ದರೆ ಮೂರು, ನಾಲ್ಕು, ಐದು ಮೊಳದ ಹಗ್ಗ. ಏಳನೆಯ ತರಗತಿಯಲ್ಲೂ ಎಂಟನೆಯ ತರಗತಿಯಲ್ಲೂ ನಾನು ನಿಮಗೆ ಹೇಳಿಕೊಟ್ಟ ಪ್ರಮೇಯವೇ ಅದು. ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಕೆಗಾಗಿ ಹೇಳಿದ ಮಾತು ನಮ್ಮ ಗಾರೆ ಕೆಲಸದವರ ಕೈಯಲ್ಲಿ ಹೆಸರಿಲ್ಲದೆ ಬದುಕಿತ್ತು.

ಇನ್ನೊಂದು ಲೆಕ್ಕ ಆಯದ್ದು. ಮನೆಯ ಹೊರ ಅಳತೆಯ ಉದ್ದ ಅಗಲಗಳನ್ನು ಗುಣಿಸಿ, ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದರೆ ಬರುವ ಶೇಷವೇ ಆಯ. ಒಂದು ಉಳಿದರೆ ಧ್ವಜ, ಮೂರಾದರೆ ಸಿಂಹ, ಐದಾದರೆ ವೃಷಭ, ಏಳಾದರೆ ಗಜ, ಇವು ಶುಭ. ಸಮಸಂಖ್ಯೆಗಳು ಅಶುಭ. ಇಲ್ಲೊಂದು ತಮಾಷೆಯಿದೆ. ಒಂಬತ್ತನ್ನು ಎಂಟರಿಂದ ಭಾಗಿಸಿದರೆ ಉಳಿಯುವುದು ಒಂದೇ. ಆದ್ದರಿಂದ ಪೂರ್ಣಸಂಖ್ಯೆಗಳಲ್ಲಿ ಒಂಬತ್ತರಿಂದ ಗುಣಿಸಿದರೂ ಬಿಟ್ಟರೂ ಶೇಷ ಬದಲಾಗುವುದಿಲ್ಲ! ಮೂವತ್ತು-ನಲವತ್ತರ ನಿವೇಶನದ ತುಂಬ ಮನೆ ಕಟ್ಟಿದರೆ 1200 ಚದರ ಅಡಿ. ಶೇಷ ಸೊನ್ನೆ, ಅಶುಭವಾದ ಕಾಕಾಯ. 29ಕ್ಕೆ 39 ಮಾಡಿದರೆ 1131. ಶೇಷ ಮೂರು, ಸಿಂಹಾಯ. ನಂಬುವುದು ಬಿಡುವುದು ಅವರವರಿಗೆ ಸೇರಿದ್ದು. ಆದರೆ ಹೊರ ಅಳತೆಯನ್ನು ಮೊದಲು ನಿಶ್ಚಯಿಸಿಕೊಂಡು ಅನಂತರ ಒಳಗೆ ಹೋಗಬೇಕೆಂಬ ಶಿಸ್ತು ಈ ಲೆಕ್ಕದೊಳಗಿತ್ತು. ಆ ಶಿಸ್ತನ್ನು ಬಿಟ್ಟದ್ದೇ ನನಗೆ ಮುಳುವಾಯಿತು.

ಕಾಗದದ ನಕ್ಷೆ ನಮ್ಮ ಹಳ್ಳಿಗಳಿಗೆ ಬಂದದ್ದು ತಡವಾಗಿ. 1842ರಲ್ಲಿ ಜಾನ್ ಹರ್ಷೆಲ್ ಎಂಬ ವಿಜ್ಞಾನಿ ಕಬ್ಬಿಣದ ಲವಣ ಮತ್ತು ಬಿಸಿಲಿನಿಂದ ನೀಲಿ ಪ್ರತಿ ತೆಗೆಯುವ ವಿಧಾನವನ್ನು ಕಂಡುಹಿಡಿದ. ‘ನೀಲನಕ್ಷೆ’ ಎಂಬ ಮಾತಿನ ಹಿಂದಿರುವುದು ಅದೇ ಬಣ್ಣ. ಬಳಿಕ ಅಮೋನಿಯಾ ಪ್ರತಿಗಳು ಬಂದವು. ಅದರ ಘಾಟು ನಕ್ಷೆ ತರಲು ಪೇಟೆಗೆ ಹೋದವರಿಗೆಲ್ಲ ನೆನಪಿರಬೇಕು. ಅಷ್ಟರಲ್ಲಿ ಗಣಕವೂ ಬರುತ್ತಿತ್ತು. 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವಾನ್ ಸದರ್‌ಲ್ಯಾಂಡ್ ‘ಸ್ಕೆಚ್‌ಪ್ಯಾಡ್’ ಎಂಬ ತಂತ್ರಾಂಶದಲ್ಲಿ ಬೆಳಕಿನ ಲೇಖನಿಯಿಂದ ಪರದೆಯ ಮೇಲೆ ಗೆರೆ ಎಳೆದು ತೋರಿಸಿದರು. 1982ರ ಕೊನೆಯಲ್ಲಿ ಆಟೋಕ್ಯಾಡ್ ಬಂತು. 2000ದಲ್ಲಿ ಸ್ಕೆಚ್‌ಅಪ್ ಬಂತು. 2006ರಲ್ಲಿ ಅದು ಗೂಗಲ್ಲಿನ ಕೈಗೆ, 2012ರಲ್ಲಿ ಟ್ರಿಂಬಲ್ ಎಂಬ ಸಂಸ್ಥೆಯ ಕೈಗೆ ಹೋಯಿತು. ಹಣ ಕೊಡದೆ ಬಳಸಬಹುದಾದವುಗಳಲ್ಲಿ ಫ್ರಾನ್ಸಿನ ಎಮ್ಯಾನುಯೆಲ್ ಪ್ಯುಬಾರೆ ಅವರು ರೂಪಿಸಿದ ‘ಸ್ವೀಟ್ ಹೋಮ್ ತ್ರೀಡಿ’ ನನ್ನಂಥ ಮುದುಕನಿಗೂ ಒಗ್ಗುವಷ್ಟು ಸರಳ. ನಮ್ಮ ಮನೆಯನ್ನು ನಾನು ಬರೆದದ್ದು ಅದರಲ್ಲೇ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಮುಂಭಾಗದಿಂದ ಹಿತ್ತಲಿಗೆ ಸಾಲಾಗಿ ನಾಲ್ಕು ಭಾಗ: ಪಡಸಾಲೆ 10 ಅಡಿ, ನಡುಮನೆ 16, ಅಡುಗೆಮನೆ 12, ಹಿಂದಿನ ಕೋಣೆ 9. ಒಳಗಿನ ಅಗಲ 29 ಅಡಿ. ಟೇಪು ಹಿಡಿದು ಒಳಗಡೆಯೆಲ್ಲ ಅಳೆದೆ. ಅದೇ ಅಂಕಿಗಳನ್ನು ಗೋಡೆಯ ಉದ್ದವೆಂದು ಗಣಕಕ್ಕೆ ಕೊಟ್ಟೆ. ತಂತ್ರಾಂಶವು ಗೋಡೆಯ ಉದ್ದವನ್ನು ಅದರ ನಡುಗೆರೆಯ ಮೇಲೆ ಲೆಕ್ಕ ಹಾಕುತ್ತದೆ. ನಮ್ಮದೋ ಎರಡಡಿ ದಪ್ಪದ ಮಣ್ಣಿನ ಗೋಡೆ. ಪ್ರತಿ ಕೋಣೆಯೂ ಪರದೆಯ ಮೇಲೆ ಎರಡಡಿ ಕುಗ್ಗಿತು. ನಿಜದಲ್ಲಿ ಒಳಗಿನ 47 ಅಡಿಗೆ ಐದು ಗೋಡೆಗಳ 10 ಅಡಿ ಸೇರಿ ಮನೆಯ ಉದ್ದ 57 ಅಡಿ. ನನ್ನ ನಕ್ಷೆಯಲ್ಲಿ ಅದು 49 ಅಡಿ. ಅಗಲವೂ 33ರ ಬದಲು 31 ಆಗಿತ್ತು. ಆಯ ನೋಡಿದೆ: ಶೇಷ ಏಳು, ಗಜಾಯ. ಹಿರಿಯರು ಲೆಕ್ಕ ಹಾಕಿಯೇ ಕಟ್ಟಿದ್ದಾರೆಂದು ಸಂತೋಷಪಟ್ಟೆ. ಸರಿಯಾದ ಅಳತೆಗೂ ಶೇಷ ಒಂದು, ಧ್ವಜಾಯವೇ. ತಪ್ಪು ಲೆಕ್ಕಕ್ಕೂ ಶುಭ ಫಲ ಬರಬಹುದೆಂಬುದನ್ನು ಆಮೇಲೆ ಅರಿತೆ.

ನಿವೇಶನದ ಉದ್ದ 77 ಅಡಿ. ಹಾಗಾಗಿ ಹಿತ್ತಲು 28 ಅಡಿಯೆಂದು ನಕ್ಷೆ ಹೇಳಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲೆಂದು ಕರ್ನಾಟಕದಲ್ಲಿ 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಕಾನೂನಾಯಿತು. ಕಾನೂನಿರಲಿ ಬಿಡಲಿ, ಒಬ್ಬಳೇ ಬದುಕುತ್ತಿದ್ದ ನನ್ನ ತಂಗಿಗೆ ಊರಲ್ಲಿ ಒಂದು ಸೂರು ಬೇಕಿತ್ತು. ಹಿತ್ತಲು ಅವಳಿಗೆ, ಮನೆ ನನಗೂ ತಮ್ಮನಿಗೂ ಎಂದು ಒಪ್ಪಿಕೊಂಡೆವು. ಬೆಂಗಳೂರಿನಲ್ಲಿದ್ದ ತಮ್ಮ ನಕ್ಷೆಯನ್ನು ಪರದೆಯ ಮೇಲೆ ನೋಡಿ ಸರಿಯೆಂದ. ತಂಗಿಯೂ ಅಣ್ಣ ಬರೆದದ್ದೆಂದು ನಂಬಿದಳು.

ಪಾಯದ ಗುರುತು ಹಾಕಲು ಬಂದವನು ನನ್ನ ಹಳೆಯ ವಿದ್ಯಾರ್ಥಿ, ಗಾರೆ ಕೆಲಸದವನು. ಹಗ್ಗ ಹಿಡಿದು ಸುಣ್ಣ ಉದುರಿಸುತ್ತ ಹೋದವನು ಹಿತ್ತಲ ಗೋಡೆಗೆ ತಾಗಿ ನಿಂತ. ನನ್ನ ಕೈಯ ಕಾಗದವನ್ನು ಇಸಿದುಕೊಂಡು ಸ್ವಲ್ಪ ಹೊತ್ತು ನೋಡಿ, “ಮೇಷ್ಟ್ರೇ, ಲೆಕ್ಕದಲ್ಲಿ ಗೋಡೆನೇ ಬಿಟ್ಟುಬಿಟ್ಟೀರಲ್ಲ!” ಎಂದ. ಹಿತ್ತಲು ಇದ್ದದ್ದು 20 ಅಡಿ ಮಾತ್ರ. ತಂಗಿ ಏನೂ ಹೇಳಲಿಲ್ಲ. ಸುಣ್ಣದ ಗೆರೆಯನ್ನು ನೋಡುತ್ತ ನಿಂತಿದ್ದಳು. ನಲವತ್ತು ವರ್ಷ ಮಕ್ಕಳಿಗೆ ಕ್ಷೇತ್ರಗಣಿತ ಹೇಳಿದವನಿಗೆ ಆ ಮೌನದಲ್ಲಿ ತಲೆ ಎತ್ತಲಾಗಲಿಲ್ಲ. ಕೊನೆಗೆ ತಮ್ಮನನ್ನು ಒಪ್ಪಿಸಿ, ಹಿಂದಿನ ಕೋಣೆಯನ್ನೂ ಅದರ ಹೊರಗೋಡೆಯನ್ನೂ ಇಳಿಸಿ ಆ 11 ಅಡಿಯನ್ನು ಹಿತ್ತಲಿಗೆ ಸೇರಿಸಿದೆವು. ಅದು ಬಾಣಂತಿ ಕೋಣೆ. ನಾವು ಮೂವರೂ ಹುಟ್ಟಿದ್ದು ಅಲ್ಲಿಯೇ.

ಆ ಕೋಣೆಯನ್ನು ಇಳಿಸುವ ಮುನ್ನ ಇಡೀ ಮನೆಯನ್ನು ಮತ್ತೊಮ್ಮೆ ಅಳೆದು ಬರೆದೆ. ಆಗ ಕಂಡುಕೊಂಡ ಉಪಾಯಗಳು ನಿಮಗೂ ಉಪಯೋಗವಾಗಲಿ.

ಮೊದಲು ಹೊರ ಅಳತೆ, ಆಮೇಲೆ ಒಳ ಅಳತೆ. ಒಳ ಅಳತೆಗೆ ಎರಡೂ ಕಡೆಯ ಗೋಡೆಗಳ ಅರ್ಧರ್ಧ ದಪ್ಪವನ್ನು ಸೇರಿಸಿ ಗಣಕಕ್ಕೆ ಕೊಡಬೇಕು. ಕೊನೆಯಲ್ಲಿ ಕೋಣೆಗಳೂ ಗೋಡೆಗಳೂ ಕೂಡಿ ಹೊರ ಅಳತೆಗೆ ಸಮನಾಗದಿದ್ದರೆ ಮುಂದೆ ಹೋಗಬಾರದು.

ಒಂಬತ್ತಡಿ ಆರಂಗುಲವನ್ನು 9.6 ಎಂದು ಬರೆಯಬೇಡಿ. 9.6 ಅಡಿಯೆಂದರೆ ಒಂಬತ್ತಡಿ ಏಳು ಅಂಗುಲಕ್ಕಿಂತ ಹೆಚ್ಚು, ಬೇಕಾದದ್ದು 9.5. ಸಿದ್ಧಪಡಿಸುವ ಮೊದಲೇ ಆಯ್ಕೆಗಳಲ್ಲಿ ಅಡಿ-ಅಂಗುಲದ ಮಾನವನ್ನು ಆರಿಸಿಕೊಂಡರೆ ಈ ಗೊಂದಲ ತಪ್ಪುತ್ತದೆ.

ಹಳೆಯ ಮನೆಯ ಮೂಲೆಗಳು ಸಾಮಾನ್ಯವಾಗಿ ನೇರವಾಗಿರುವುದಿಲ್ಲ. ತಂತ್ರಾಂಶವೋ ಗೋಡೆಯನ್ನು ಹದಿನೈದು ಹದಿನೈದು ಡಿಗ್ರಿಗೆ ತಾನಾಗಿ ಸೆಳೆದು, ಸೊಟ್ಟ ಮನೆಯನ್ನು ನೆಟ್ಟಗೆ ಮಾಡಿ ತೋರಿಸುತ್ತದೆ. ಆಯ್ಕೆಗಳಲ್ಲಿ ಆ ಸೆಳೆತವನ್ನು ನಿಲ್ಲಿಸಿ. ಪ್ರತಿ ಕೋಣೆಯಲ್ಲೂ ಒಂದು ಕರ್ಣವನ್ನು ಅಳೆದುಕೊಳ್ಳಿ. ಮೂರು ಬಾಹುಗಳು ಗೊತ್ತಾದರೆ ತ್ರಿಭುಜ ಒಂದೇ ಬಗೆ. ಕೋಣೆಯ ನಿಜವಾದ ಆಕಾರ ಆಗ ಸಿಕ್ಕಿಬೀಳುತ್ತದೆ. ಆಟೋಕ್ಯಾಡಿನಂಥವುಗಳಲ್ಲಿ ಎರಡು ಮೂಲೆಗಳಿಂದ ಎರಡು ವೃತ್ತ ಎಳೆದರೆ ಅವು ಕೂಡುವಲ್ಲಿ ಮೂರನೆಯ ಮೂಲೆ.

ಕೈಯಲ್ಲಿ ಬರೆದ ಹಳೆಯ ಕಾಗದವಿದ್ದರೆ ಅದರ ಚಿತ್ರ ತೆಗೆದು ಹಿನ್ನೆಲೆಯಾಗಿಟ್ಟು, ಗೊತ್ತಿರುವ ಒಂದು ಉದ್ದವನ್ನು ತೋರಿಸಿದರೆ ಉಳಿದದ್ದು ಆ ಪ್ರಮಾಣಕ್ಕೆ ಬರುತ್ತದೆ. ಹಾಗೆ ತೋರಿಸಲು ಇರುವುದರಲ್ಲಿ ಅತಿ ಉದ್ದದ ಗೆರೆಯನ್ನೇ ಆರಿಸಬೇಕು. ತಪ್ಪಿನ ಪಾಲು ಕಡಿಮೆಯಾಗುತ್ತದೆ. ತೊಟ್ಟಿಯ ಮನೆಯಾದರೆ ತೊಟ್ಟಿಯನ್ನೂ ಕೋಣೆಯೆಂದೇ ಬರೆದು ಅದರ ಚಾವಣಿಯನ್ನು ಮಾತ್ರ ಕಾಣದಂತೆ ಮಾಡಿ.

ಊರಿನ ಅಕ್ಷಾಂಶ, ಉತ್ತರ ದಿಕ್ಕು ಕೊಟ್ಟರೆ ಯಾವ ಹೊತ್ತಿಗೆ ಬಿಸಿಲು ಎಲ್ಲಿ ಬೀಳುತ್ತದೆಂಬುದೂ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ಉತ್ತರದ ಕಿಟಕಿಗೆ ಬಿಸಿಲೇ ಬಾರದೆಂದು ಎಣಿಸಬೇಡಿ.

ಮುದ್ರಿಸುವಾಗ ಯಂತ್ರವು ಹಾಳೆಗೆ ಹೊಂದಿಸಲು ನಕ್ಷೆಯನ್ನು ಕುಗ್ಗಿಸಬಹುದು. ಅದಕ್ಕೇ ನಕ್ಷೆಯೊಳಗೇ ಹತ್ತಡಿಯ ಒಂದು ಅಳತೆಗೆರೆ ಎಳೆದಿಡಿ. ಕುಗ್ಗಿದರೂ ಹಿಗ್ಗಿದರೂ ಅದೂ ಜೊತೆಗೇ ಬದಲಾಗುತ್ತದೆ. ತಂತ್ರಾಂಶಗಳು ಕೈ ಬದಲಾಯಿಸುತ್ತವೆ, ನಿಂತೂ ಹೋಗುತ್ತವೆ. ಪಿಡಿಎಫ್ ಪ್ರತಿಯೊಂದು, ಕಾಗದದ ಪ್ರತಿಯೊಂದು ಮನೆಯ ಪತ್ರಗಳ ಜೊತೆಗಿರಲಿ.

2020ರ ಏಪ್ರಿಲ್ 24ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳ ಮೇಲೆ ಡ್ರೋನ್ ಹಾರಿಸಿ ನಕ್ಷೆ ತೆಗೆಯುತ್ತಾರೆ. ಅದಕ್ಕೂ ಮೊದಲು ಎಲ್ಲೆಯನ್ನು ಗುರುತಿಸುವುದು ಸುಣ್ಣದ ಪುಡಿಯಿಂದಲೇ! ಆದರೆ ಆಕಾಶದಿಂದ ಕಾಣುವುದು ಮಾಳಿಗೆ ಮಾತ್ರ. ಅದರ ಕೆಳಗಿನ ಕಂಬ, ಕೋಣೆ, ದಾಯಾದಿಗಳಿಬ್ಬರಿಗೂ ಸೇರಿದ ನಡುಗೋಡೆ ಇವು ಕಾಣುವುದಿಲ್ಲ. ಒಳಗಿನದನ್ನು ಒಳಗಿದ್ದವರೇ ಬರೆಯಬೇಕು.

ಎರಡನೆಯ ನಕ್ಷೆಯನ್ನು ತಂಗಿಗೆ ತೋರಿಸಿದಾಗ ಅವಳು ಪರದೆಯ ಮೇಲೆ ಬಾಣಂತಿ ಕೋಣೆಯ ಗೋಡೆಯನ್ನು ಮುಟ್ಟಿ, “ಅಣ್ಣಯ್ಯ, ದೀಪದ ಗೂಡು ಇಲ್ಲಿತ್ತು” ಎಂದಳು. ತಂತ್ರಾಂಶದ ಭಂಡಾರದಲ್ಲಿ ಸೋಫಾ ಉಂಟು, ಸ್ನಾನದ ತೊಟ್ಟಿಯುಂಟು, ದೀಪದ ಗೂಡಿಲ್ಲ. ಎರಡಡಿಯ ಗೋಡೆಯನ್ನು ಒಂದೊಂದಡಿಯ ಎರಡು ಗೋಡೆಗಳಾಗಿ ಒತ್ತಿಗೊತ್ತಿ ಬರೆದು, ಒಳಗಿನದಕ್ಕೆ ಮಾತ್ರ ಒಂದು ಕಿಂಡಿಯಿಟ್ಟೆ. ಗೂಡಾಯಿತು. ಅವಳು ಇನ್ನೂ ಸ್ವಲ್ಪ ಮೇಲಕ್ಕೆಂದಳು. ಅವ್ವನ ಕೈಗೆ ಎಟುಕುವಷ್ಟು ಎಂದಳು. ಅಷ್ಟಕ್ಕೆ ಏರಿಸಿದೆ.

ಈಗ ಆ ಕೋಣೆಯಿಲ್ಲ. ಅಲ್ಲಿ ತಂಗಿಯ ಮನೆಯಿದೆ. ಅದರ ಗೋಡೆಗಳು ಒಂಬತ್ತಂಗುಲ. ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ, ಈ ಬಾರಿ ಹಬ್ಬಕ್ಕೆ ಊರಿಗೆ ಹೋದಾಗ ಒಂದು ಟೇಪನ್ನು ಕೊಂಡೊಯ್ಯಿರಿ. ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮನೆಯನ್ನು ಅಳೆಯಿರಿ. ಗೋಡೆಯ ದಪ್ಪವನ್ನು ಮಾತ್ರ ಮರೆಯಬೇಡಿ.